ಹಾಸು, ಸೀಳು

ಇಥೆಲ್ ಮೊದಲ ದಿನ ನನ್ನ ಕೈಗೆ ಉಳಿ ಕೊಡಲಿಲ್ಲ.
ಒದ್ದೆ ಗೋಣಿ ಕೊಟ್ಟ.
"ಹೊದಿಸು. ಒಣಗಿದರೆ ಈ ಕಲ್ಲು
ಯಾರ ಮಾತೂ ಕೇಳುವುದಿಲ್ಲ."

ವೇಲ್ಸಿನ ಉತ್ತರಕ್ಕೆ, ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ತಿಂದ
ಸ್ಲೇಟಿನ ಗಣಿ. ತಗಡಿನ ಸೂರು. ಮೂರು ಕಡೆ ಗೋಡೆ,
ನಾಲ್ಕನೆಯ ಕಡೆ ಗಾಳಿ.
ಕಲ್ಲನ್ನು ಮೊಣಕಾಲಿಗೆ ಒರಗಿಸಿಕೊಂಡು ಕೂತ ಮುದುಕ
ಅಗಲ ಬಾಯಿಯ ಉಳಿಯನ್ನು ಅಂಚಿನ ನಟ್ಟನಡುವೆ ಇಟ್ಟು
ಕೊಡತಿಯಿಂದ ಎರಡು ಸಲ ತಟ್ಟಿದ,
ಪಕ್ಕದ ಮನೆಯ ಕದ ತಟ್ಟಿದ ಹಾಗೆ.
ಒಳಗೆ ಯಾರೋ ಎದ್ದು ಬಂದು ಅಗುಳಿ ತೆಗೆದರು.

ಹದಿನಾರರ ದಪ್ಪ ಎಂಟು ಎಂಟಾಯಿತು,
ಎಂಟು ನಾಲ್ಕು ನಾಲ್ಕು.
"ಯಾವಾಗಲೂ ಸಮಪಾಲು, ಮೆರೆರಿಡ್.
ಬಿರುಕು ಬಡವಾದ ಕಡೆಗೇ ನುಗ್ಗುತ್ತದೆ."

ಅವನು ಚಹಾಕ್ಕೆ ಹೋದಾಗ
ಅಡ್ಡಕ್ಕೆ ಹೊಡೆದು ನೋಡಿದೆ.
ಅದೇ ಕಲ್ಲು, ಅದೇ ಉಳಿ, ಕೊಡತಿ ಮಾತ್ರ ದೊಡ್ಡದು.
ನನ್ನ ಮೊಣಕೈವರೆಗೆ ಜುಮ್ಮೆಂದಿತು,
ಕಲ್ಲಿನ ಮೇಲೆ ಉಗುರು ಗೀರಿದಷ್ಟು ಬಿಳಿ.
ಗಟ್ಟಿ ಕಲ್ಲೋ ಮೆದು ಕಲ್ಲೋ ಎಂದು ಯಾರಾದರೂ ಕೇಳಿದರೆ
ಅಂದಿನಿಂದ ನಾನು ತಿರುಗಿ ಕೇಳುತ್ತೇನೆ:
ನೀವು ಯಾವ ಕಡೆಯಿಂದ ಬಂದಿರಿ?

ಸೀಳಿದ ಹಲಗೆಗಳಿಗೆ ರಾಣಿವಾಸದ ಹೆಸರು:
ಡಚೆಸ್, ಕೌಂಟೆಸ್, ಸಣ್ಣದು ಲೇಡಿ.
ಒಬ್ಬ ಕೌಂಟೆಸಿನ ಮೈಮೇಲೆ ಓರೆಯಾಗಿ ಹಸಿರು ಪಟ್ಟಿ.
"ಬಣ್ಣ ಚೆಲ್ಲಿದೆಯಾ?"
"ಹಾಸು ಅದು," ಎಂದ. "ಕಡಲ ತಳದಲ್ಲಿ
ಕೆಸರು ಮಲಗಿದ್ದ ರೀತಿ. ಒಂದರ ಮೇಲೊಂದು."
"ಮತ್ತೆ ಹಾಗೇ ಯಾಕೆ ಬಿಚ್ಚುವುದಿಲ್ಲ?"
ಎರಡು ಅಂಗೈಗಳನ್ನು ಎದುರುಬದುರು ತಂದು ಒತ್ತಿದ,
ಗೆಣ್ಣು ಬೆಳ್ಳಗಾಗುವಷ್ಟು.
"ಆಮೇಲೆ ಬೆಟ್ಟಗಳು ಬಂದವು.
ಒಳಗಿನ ಕಣ ಕಣವೂ ಮಗ್ಗುಲು ಬದಲಿಸಿತು.
ಎಲ್ಲಿಂದ ಒತ್ತಿದರೋ, ಈಗ
ಅದಕ್ಕೆ ಅಡ್ಡಲಾಗಿಯೇ ಬಿಚ್ಚುತ್ತದೆ."
ಕೈ ಬಿಡಿಸಿಕೊಂಡು ಮೂಗು ಒರೆಸಿಕೊಂಡ.

ಉಳಿದದ್ದು ಊರಿಗೆಲ್ಲ ಗೊತ್ತಿತ್ತು.
ಇಥೆಲ್ ಮತ್ತು ಟೆಕ್ವಿನ್, ಒಂದೇ ಮಂಚದಲ್ಲಿ
ಒಬ್ಬನ ತಲೆಗೆ ಇನ್ನೊಬ್ಬನ ಕಾಲಾಗಿ ಬೆಳೆದವರು.
ಮುಷ್ಕರದ ಹದಿನಾಲ್ಕನೆಯ ವಾರ
ಟೆಕ್ವಿನ್‌ನ ಮಗಳ ಎದೆಯಲ್ಲಿ ಕಫ ಗೊರಗೊರ;
ತಲೆ ತಗ್ಗಿಸಿ ಅವನು ಗೇಟು ದಾಟಿದ.
ನಲವತ್ತು ವರ್ಷವಾಯಿತು. ಚಾಪೆಲ್ಲಿನಲ್ಲಿ
ಒಬ್ಬ ಎಡದ ಬೆಂಚು, ಒಬ್ಬ ಬಲದ ಬೆಂಚು.
ಹಾಡುವಾಗ ಮಾತ್ರ ಯಾವ ದನಿ ಯಾರದೆಂದು
ಕಣ್ಣು ಮುಚ್ಚಿದರೆ ತಿಳಿಯುವುದಿಲ್ಲ.

ಜನವರಿಯ ಗಾಳಿಗೆ ಬೀದಿಯ ಸೂರುಗಳು ಹಾರಿದವು.
ಆಫೀಸಿನಿಂದ ಚೀಟಿ ಬಂತು: ಇಪ್ಪತ್ತು ಕೌಂಟೆಸ್.
ಹೆಸರಿರಲಿಲ್ಲ, ಮನೆಯ ನಂಬರು ಇತ್ತು.
ಇಥೆಲ್ ಓದಿ, ಮಡಚಿ, ಟೋಪಿಯೊಳಗೆ ಇಟ್ಟುಕೊಂಡ.
ಆ ದಿನ ಒಂದನ್ನೂ ನನ್ನ ಕೈಗೆ ಬಿಡಲಿಲ್ಲ.
ಸೀಳಿದ್ದನ್ನೆಲ್ಲ ಬೆರಳ ಗೆಣ್ಣಿಂದ ತಟ್ಟಿ
ಕಂಚಿನ ಹಾಗೆ ಉಲಿದದ್ದನ್ನು ಇಟ್ಟುಕೊಂಡು
ಮೊದ್ದು ಸದ್ದಿನದನ್ನು ರಾಶಿಗೆ ಎಸೆದ.
"ಇಪ್ಪತ್ತೊಂದಿವೆ," ಎಂದೆ.
"ದಾರಿಯಲ್ಲಿ ಒಂದು ಒಡೆಯುತ್ತದೆ."

ಒಡೆಯಲಿಲ್ಲ.
ಟೆಕ್ವಿನ್ ಎಣಿಸಿದ. ಇನ್ನೊಮ್ಮೆ ಎಣಿಸಿದ.
ಹೆಚ್ಚಿನದನ್ನು, ಹಸಿರು ಪಟ್ಟಿಯದನ್ನು, ಎತ್ತಿ
ತಲೆ ಓರೆ ಮಾಡಿ ಗೆಣ್ಣಿಂದ ತಟ್ಟಿದ.
ನನಗೇ ಹಿಂದಕ್ಕೆ ಕೊಡುತ್ತಾನೆ ಅಂದುಕೊಂಡೆ.
ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹಾಸಿ
ಒಂದು ತುದಿಗೆ ಕುದಿವ ಕೆಟಲ್ ಇಟ್ಟ.

ಈ ಕಲ್ಲಿನಲ್ಲಿ ಕಾವು ಪದರ ದಾಟಲು ಹಿಂಜರಿಯುತ್ತದೆ,
ಪದರದ ಉದ್ದಕ್ಕಾದರೆ ಸಲೀಸು; ಇದೂ
ಇಥೆಲ್ ಹೇಳಿದ್ದೇ.
ಸಲೀಸೆಂದರೂ ಕೆಟಲ್ಲಿನಿಂದ ಆಚೆ ಅಂಚಿಗೆ
ಒಂದು ಗೇಣಿನ ಮೇಲಿತ್ತು.
ನಾನು ಚೀಟಿಗೆ ಸಹಿ ಹಾಕಿಸಿಕೊಂಡು ಹೊರಟಾಗಲೂ
ಟೆಕ್ವಿನ್‌ನ ಎರಡು ಬೆರಳು
ಆ ಅಂಚಿನ ಮೇಲೇ ಇದ್ದವು.